ಅಥಣಿಯ ಚಪ್ಪಲಿ, ಕೊಲ್ಹಾಪುರದ ಹೆಸರು, ಎಲ್ಲರ ವಿಶ್ವಕೋಶ

 

ಇವತ್ತಿನ ವಿಷಯ ವಿಕಿಪೀಡಿಯ ಮತ್ತು ಮ್ಯೂಸಿಯಂ. ಹೀಗಂದ ಕೂಡಲೇ "ಅದು ನಮಗ್ಯಾಕ್ರೀ?" ಅಂತ ನಿಮಗೆ ಅನಿಸಬಹುದು. ಅದಕ್ಕೇ ಚಪ್ಪಲಿಯಿಂದ ಶುರು ಮಾಡ್ತೀನಿ.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಶೋ ನಡೀತು. ಮಾಡೆಲ್‌ಗಳ ಕಾಲಲ್ಲಿದ್ದ ಚಪ್ಪಲಿ ನೋಡಿ ನಮ್ಮ ಕಡೆಯವರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳೀಲಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗುವ ರೈತರ ಕಾಲಲ್ಲಿ ಕಾಣುವಂಥದ್ದೇ ಚಪ್ಪಲಿ ಅದು. ಕಂಪನಿ ಅದನ್ನು ಚರ್ಮದ ಸ್ಯಾಂಡಲ್ ಅಂತ ಕರೆದಿತ್ತು, ಭಾರತದ ಹೆಸರನ್ನೇ ಎತ್ತಿರಲಿಲ್ಲ. ದೊಡ್ಡ ಗದ್ದಲ ಆದಮೇಲೆ, ಇದಕ್ಕೆ ಭಾರತದ ಕರಕುಶಲ ಚಪ್ಪಲಿಯೇ ಪ್ರೇರಣೆ ಅಂತ ಒಪ್ಪಿಕೊಂಡಿತು. ಮಾಧ್ಯಮದ ತುಂಬ ಕೊಲ್ಹಾಪುರ, ಕೊಲ್ಹಾಪುರ. ಆಗ ನಮ್ಮ ರಾಜ್ಯದ ಸಚಿವ ಪ್ರಿಯಾಂಕ್ ಖರ್ಗೆ ಅವರು, ಈ ಚಪ್ಪಲಿ ಮಾಡುವವರಲ್ಲಿ ಬಹಳ ಮಂದಿ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕಡೆ ಇದ್ದಾರೆ ಅಂತ ಊರುಗಳ ಹೆಸರು ಹಿಡಿದು ಜಾಲತಾಣದಲ್ಲಿ ಬರೆದರು.

ಅವರು ಹೇಳಿದ್ದಕ್ಕೆ ಕಾಗದದ ಆಧಾರ ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಮಾನ್ಯತೆ, ಅಂದರೆ ಭೌಗೋಳಿಕ ಗುರುತು, ಎರಡು ರಾಜ್ಯಗಳಿಗೆ ಸೇರಿದ್ದು. ಮಹಾರಾಷ್ಟ್ರದಲ್ಲಿ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಕರ್ನಾಟಕದಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. 2025ರ ಡಿಸೆಂಬರ್‌ನಲ್ಲಿ ಪ್ರಾಡಾದವರು ಒಪ್ಪಂದಕ್ಕೆ ಬಂದಾಗಲೂ ಮಹಾರಾಷ್ಟ್ರದ ಲಿಡ್‌ಕಾಂ, ನಮ್ಮ ಲಿಡ್‌ಕರ್, ಎರಡೂ ಚರ್ಮ ನಿಗಮಗಳ ಜೊತೆಗೇ ಬಂದರು.

ಅಂದರೆ ಹಕ್ಕಿನ ಕಾಗದದಲ್ಲಿ ನಮ್ಮ ಪಾಲು ಇದೆ. ಆದರೆ ಆ ಜೂನ್ ತಿಂಗಳ ರಾತ್ರಿ ಮಿಲಾನ್‌ನ ಒಬ್ಬ ವರದಿಗಾರ ಸುದ್ದಿ ಬರೆಯೋಕೆ ಕೂತಿದ್ದಾನೆ ಅಂದುಕೊಳ್ಳಿ. ಅವನ ಕೈಯಲ್ಲಿ ಹತ್ತು ನಿಮಿಷ ಇದೆ. ಅವನು ಜಿಐ ಕಚೇರಿಯ ಕಡತ ತೆಗೆಯೋದಿಲ್ಲ, ಫೋನ್ ತೆಗೆದು "ಕೊಲ್ಹಾಪುರಿ" ಅಂತ ಹುಡುಕುತ್ತಾನೆ. "ಅಥಣಿ" ಅಂತ ಹುಡುಕೋಕೆ ಅವನಿಗೆ ಕಾರಣವೇ ಇಲ್ಲ. ಮದಭಾವಿ ಅನ್ನೋ ಊರಿದೆ ಅಂತಲೇ ಅವನಿಗೆ ಗೊತ್ತಿಲ್ಲ. ಮೊದಲು ಸಿಗುವ ಪುಟಗಳಲ್ಲಿ ವಿಕಿಪೀಡಿಯ ಒಂದು. ಈಗಿನ ಕೃತಕ ಬುದ್ಧಿಮತ್ತೆಯನ್ನು ಕೇಳಿದರೂ ಅದು ಓದಿ ಕಲಿತಿರೋದರಲ್ಲಿ ವಿಕಿಪೀಡಿಯ ದೊಡ್ಡ ಪಾಲು. ಅಲ್ಲಿ ಏನಿದೆಯೋ ಅದೇ ಲೋಕದ ಬಾಯಿಗೆ ಬರುತ್ತದೆ.

ಆ ಲೇಖನದ ಹೆಸರು ಬದಲಿಸಿ ಅಂತ ನಾನು ಹೇಳೋದಿಲ್ಲ. ಕೊಲ್ಹಾಪುರ ಪೇಟೆ ಕೊಟ್ಟಿತು, ಹೆಸರು ಕೊಟ್ಟಿತು, ಅದು ಅವರದ್ದು. ಕೇಳಬೇಕಾದದ್ದು ಬೇರೆ: ನಮ್ಮ ಕಡೆ ಚರ್ಮ ಹದ ಮಾಡೋದು, ಹೆಣೆಯೋದು, ಹೊಲಿಯೋದು ಹೇಗೆ ಅಂತ ಒಂದು ನಂಬಬಹುದಾದ ಬರಹ, ನಾಲ್ಕು ಒಳ್ಳೆಯ ಫೋಟೊ, ಒಂದು ಚಿಕ್ಕ ವಿಡಿಯೊ, ಇವನ್ನು ಯಾರು ಬೇಕಾದರೂ ಪುಕ್ಕಟೆ ನೋಡುವ ಹಾಗೆ ಇಟ್ಟಿದ್ದೀವಾ?

ಇಂಥ ಕೆಲಸವನ್ನು ಬೇರೆ ಕಡೆ ಮ್ಯೂಸಿಯಂನವರೂ ಸ್ವಯಂಸೇವಕರೂ ಕೂಡಿ ಮಾಡ್ತಾರೆ. 2010ರ ಬೇಸಿಗೆಯಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಲಿಯಾಮ್ ವಯಟ್ ಎಂಬ ವಿಕಿಪೀಡಿಯ ಸ್ವಯಂಸೇವಕನನ್ನು ಐದು ವಾರ ಒಳಗೇ ಕೂರಿಸಿಕೊಂಡಿತು. ಅವನ ಕೆಲಸ ಮ್ಯೂಸಿಯಂ ಬಗ್ಗೆ ಹೊಗಳಿ ಬರೆಯೋದಾಗಿರಲಿಲ್ಲ. ಒಳಗಿನ ತಜ್ಞರಿಗೆ ಹೊರಗಿನ ಬರಹಗಾರರನ್ನು ಪರಿಚಯ ಮಾಡಿಸಿ ಒಂದೇ ಮೇಜಿಗೆ ಕೂರಿಸೋದಾಗಿತ್ತು. ಹಾಕ್ಸನ್ ಅನ್ನೋ ಊರಲ್ಲಿ ಸಿಕ್ಕ ರೋಮನ್ ಕಾಲದ ನಿಧಿಯ ಬಗ್ಗೆ ಹಾಗೆ ಕೂಡಿ ಕೂತು ಬರೆದರು. ಮ್ಯೂಸಿಯಂನ ವಸ್ತುಗಳ ಮೇಲೆ ಅತ್ಯುತ್ತಮ ದರ್ಜೆಯ ಲೇಖನ ಬರೆದವರಿಗೆ, ಯಾವ ಭಾಷೆಯಲ್ಲಿ ಬರೆದರೂ ಸರಿ, ಮ್ಯೂಸಿಯಂ ಅಂಗಡಿಯಲ್ಲಿ 100 ಪೌಂಡ್‌ನ ಸಾಮಾನು ಅಂತ ಬಹುಮಾನ ಇಟ್ಟರು. ಆಮೇಲೆ ಇದೊಂದು ಪದ್ಧತಿಯೇ ಆಯ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನು, ಅಮೆರಿಕದ ಸ್ಮಿತ್ಸೋನಿಯನ್ 2020ರಲ್ಲಿ 28 ಲಕ್ಷ ಚಿತ್ರಗಳನ್ನು ಯಾರ ಅಪ್ಪಣೆಯೂ ಬೇಡ, ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ಟವು.

ದೊಡ್ಡವರ ಮಾತು ಸಾಕು. ನಮ್ಮ ರಾಜ್ಯಕ್ಕೆ ಬರೋಣ.

2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ನೂರಾರು ವಿದ್ವಾಂಸರು ವರ್ಷಗಟ್ಟಲೆ ಕೂತು ಬರೆದ ಆ ಸಂಪುಟಗಳು ಗ್ರಂಥಾಲಯದ ಕಪಾಟಿನಿಂದ ವಿಕಿಸೋರ್ಸ್‌ಗೆ ಬಂದದ್ದು ಹಾಗೆ. ಟೈಪ್ ಮಾಡಿದವರು, ತಪ್ಪು ತಿದ್ದಿದವರು ಸ್ವಯಂಸೇವಕರು.

ಇದಕ್ಕಿಂತ ನಮಗೆ ಪಾಠ ಕಲಿಸುವಂಥದ್ದು ಬೆಂಗಳೂರಿನ ಶಾಸನಗಳ ಕಥೆ. ಅಲ್ಲಿ ಹಳೆಯ ವೀರಗಲ್ಲು, ದಾನಶಾಸನಗಳು ರಸ್ತೆ ಪಕ್ಕ, ಕೆರೆ ಏರಿ ಮೇಲೆ, ಮನೆಗಳ ಸಂದಿಯಲ್ಲಿ ಬಿದ್ದಿದ್ದವು. ನೂರು ವರ್ಷದ ಹಿಂದೆ ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಪಟ್ಟಿ ಮಾಡಿದ್ದ ಕಲ್ಲುಗಳಲ್ಲಿ ಎಷ್ಟೋ ಕಟ್ಟಡಗಳ ಅಡಿಗೆ ಹೋಗಿದ್ದವು. ಇತಿಹಾಸ ಓದಿದವರೂ ಅಲ್ಲದ ಒಂದಷ್ಟು ಜನ ಆ ಪುಸ್ತಕ ಕೈಲಿ ಹಿಡಿದು ಕಲ್ಲು ಹುಡುಕಿಕೊಂಡು ಹೊರಟರು. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಕಿತ್ತಯ್ಯ ಅನ್ನೋ ವೀರನ ಕಲ್ಲು ಸಿಕ್ಕಿತು, ಸುಮಾರು ಕ್ರಿ.ಶ. 750ರದ್ದು. 2021ರಿಂದ 1909ರಷ್ಟು ಹಳೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿ ಈ ಕೆಲಸಕ್ಕೆ ಆಸರೆಯಾಗಿ ನಿಂತಿತು. ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರ್‌ನಲ್ಲಿ ಹಿಡಿದು, ಆ ಕಡತಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದರು. ಕಾಮನ್ಸ್ ಅಂದರೆ ವಿಕಿಪೀಡಿಯದ ಚಿತ್ರಗಳ ಗೋದಾಮು ಅಂತ ಇಟ್ಟುಕೊಳ್ಳಿ. ಸವೆದ ಅಕ್ಷರದ ಮೇಲೆ ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದ ಕಡೆ ತಿರುಗಿಸಬಹುದು. ಆಗ ಬರಿಗಣ್ಣಿಗೆ ಕಾಣದ ಅಕ್ಷರ ಎದ್ದು ಕಾಣುತ್ತದೆ. ನಾಳೆ ಕಲ್ಲೇ ಒಡೆದು ಹೋದರೂ ಅಕ್ಷರ ಉಳಿಯುತ್ತದೆ.

ಇಲ್ಲಿ ಸಂಸ್ಥೆ ಕೊಟ್ಟದ್ದೇನು? ಹೆಸರು, ಜಾಗ, ತಜ್ಞರ ಓದು. ಸ್ವಯಂಸೇವಕರು ಕೊಟ್ಟದ್ದೇನು? ಕಾಲ್ನಡಿಗೆ ಮತ್ತು ಹಠ. ಒಂದಿಲ್ಲದೆ ಇನ್ನೊಂದು ಆಗುತ್ತಿರಲಿಲ್ಲ.

ಈಗ ಇದನ್ನು ನಮ್ಮ ಕಡೆ ತಂದು ನೋಡ್ರಿ. ಮೊದಲ ತೊಡಕು ಇಲ್ಲೇ ಇದೆ. ರೈಸ್ ಸಾಹೇಬರ ಪುಸ್ತಕ ಹಳೆ ಮೈಸೂರಿನದ್ದು. ನಾವು ಮುಂಬೈ ಪ್ರಾಂತ. ಅದರಲ್ಲೂ ಒಂದೊಂದು ಊರು ಒಂದೊಂದು ಕಡೆ ಇತ್ತು. ಚಿಕ್ಕೋಡಿ, ಅಥಣಿ, ನಿಪ್ಪಾಣಿಯ ವಿವರ 1884ರ ಬೆಳಗಾವಿ ಗೆಝೆಟಿಯರ್‌ನಲ್ಲಿದೆ, ಬಾಂಬೆ ಪ್ರೆಸಿಡೆನ್ಸಿ ಗೆಝೆಟಿಯರ್‌ನ 21ನೇ ಸಂಪುಟ. ರಾಯಬಾಗ ಮಾತ್ರ ಆಗ ಕೊಲ್ಹಾಪುರ ಸಂಸ್ಥಾನದ್ದು, ಅದನ್ನು ಹುಡುಕಬೇಕಾದ್ದು 1886ರ ಕೊಲ್ಹಾಪುರ ಸಂಪುಟದಲ್ಲಿ, ಅಂದರೆ 24ನೆಯದರಲ್ಲಿ. ಎರಡಕ್ಕೂ ಹಕ್ಕುಸ್ವಾಮ್ಯ ಮುಗಿದಿದೆ, ಅಂತರ್ಜಾಲದಲ್ಲಿ ಪೂರ್ತಿ ಸಿಗುತ್ತವೆ. ಸಿಗೋದರಿಂದಲೇ ನಮ್ಮ ಊರುಗಳ ಬಗ್ಗೆ ಇಂಗ್ಲಿಷಿನಲ್ಲಿ ಇವತ್ತಿಗೂ ಅವನ್ನೇ ಎತ್ತಿ ಬರೆಯುತ್ತಾರೆ. 140 ವರ್ಷದ ಹಿಂದೆ ಬ್ರಿಟಿಷ್ ಅಧಿಕಾರಿಗೆ ಕಂಡ ಅಥಣಿ ಅದು. ಶಾಸನಗಳು ಬೇಕೆಂದರೆ ಫ್ಲೀಟ್ ಅವರ ಬರಹಗಳು, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ ಬಾಂಬೆ-ಕರ್ನಾಟಕ ಸಂಪುಟಗಳು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳು, ಹೀಗೆ ನಾಲ್ಕು ಕಡೆ ಅಲೆಯಬೇಕು.

ಮ್ಯೂಸಿಯಂ ಕೂಡ ಹಾಗೇ. ನಮಗೆ ಹತ್ತಿರದವು ಅಂದರೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯದು, ಕಿತ್ತೂರಿನದು, ವಿಜಯಪುರದ ಗೋಳಗುಮ್ಮಟದ್ದು. ನಿಪ್ಪಾಣಿಯವರಿಗೆ ಇವೆಲ್ಲಕ್ಕಿಂತ ಹತ್ತಿರ 40 ಕಿಲೋಮೀಟರ್ ಆಚೆಗಿನ ಕೊಲ್ಹಾಪುರದ ಟೌನ್ ಹಾಲ್ ಮ್ಯೂಸಿಯಂ. ಬ್ರಹ್ಮಪುರಿ ದಿಬ್ಬದಲ್ಲಿ ಸಿಕ್ಕ ಗ್ರೀಕರ ಸಮುದ್ರ ದೇವರು ಪೊಸೈಡನ್‌ನ ಪುಟ್ಟ ಕಂಚಿನ ಮೂರ್ತಿ ಅಲ್ಲಿದೆ. ಎರಡು ಸಾವಿರ ವರ್ಷದ ಹಿಂದೆ ನಮ್ಮ ಈ ಭಾಗಕ್ಕೆ ರೋಮ್ ಜೊತೆ ವ್ಯಾಪಾರ ಇತ್ತು ಅನ್ನೋದಕ್ಕೆ ಸಾಕ್ಷಿ. ಇಟಲಿಯವರಿಗೂ ನಮಗೂ ಕೊಡುಕೊಳ್ಳುವಿಕೆ ಪ್ರಾಡಾಗಿಂತ ಹಳೆಯದು ಬಿಡಿ.

ಕೊಲ್ಹಾಪುರದಲ್ಲಿ ಸಂಸ್ಥಾನದ ದಾಖಲೆಗಳ ಸರ್ಕಾರಿ ಪುರಾಭಿಲೇಖಾಗಾರವೂ ಇದೆ. ರಾಯಬಾಗದ ಹಳೆಯ ಆಡಳಿತದ ಜಾಡು ಹಿಡಿಯಬೇಕಾದರೆ ಮೆಟ್ಟಿಲು ಹತ್ತಬೇಕಾದ್ದು ಅಲ್ಲಿ. ಆ ಕಾಲದ ಕಾಗದಗಳು ಹೆಚ್ಚಾಗಿ ಮೋಡಿ ಲಿಪಿಯವು. ಬೆಂಗಳೂರಿನ ಸ್ವಯಂಸೇವಕನಿಗೆ ಇಲ್ಲಿ ಕಾಲು ನಿಲ್ಲೋದಿಲ್ಲ. ನಮ್ಮ ಕಡೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಇಲ್ಲವೇ ತಿರುಗಾಮುರುಗಾ ಮಾತಾಡುವವರು ಓಣಿಗೊಬ್ಬರಿದ್ದಾರೆ. ಕನ್ನಡ ವಿಕಿಪೀಡಿಯ, ಮರಾಠಿ ವಿಕಿಪೀಡಿಯ ಎರಡೂ ಹುಟ್ಟಿದ್ದು 2003ರಲ್ಲೇ. ಒಬ್ಬ ಚಿಕ್ಕೋಡಿಯ ಹುಡುಗಿ ಮನಸ್ಸು ಮಾಡಿದರೆ ಬೆಳಿಗ್ಗೆ ಒಂದರಲ್ಲಿ, ಸಂಜೆ ಇನ್ನೊಂದರಲ್ಲಿ ಬರೆಯಬಲ್ಲಳು. ಗಡಿ ಅಂದರೆ ಜಗಳ ಅಂತಲೇ ಸುದ್ದಿಯಾಗುವ ನಾಡಿನಲ್ಲಿ ಈ ಎರಡು ನಾಲಿಗೆ ದೊಡ್ಡ ಬಂಡವಾಳ. ಊರಿನ ಹೆಸರಿಗೆ ಒಂದು ಪ ಬೇಕೋ ಎರಡು ಪ ಬೇಕೋ ಅಂತ ತಿದ್ದಾಡಿ ಅದನ್ನು ಹಾಳು ಮಾಡಬಾರದು ಅಷ್ಟೇ.

ಚಪ್ಪಲಿಗೆ ವಾಪಸ್ ಬರ್ತೀನಿ.

ಒಂದು ಜೋಡಿ ಚಪ್ಪಲಿಯ ಹಿಂದೆ ಎಷ್ಟು ತಿಳಿವಳಿಕೆ ಇದೆ ನೋಡ್ರಿ. ತೊಗಲನ್ನು ಸುಣ್ಣದಲ್ಲಿ ನೆನೆಹಾಕಿ ಕೂದಲು ತೆಗೆಯಬೇಕು. ಆಮೇಲೆ ಜಾಲಿ ಮರದ ತೊಗಟೆ, ಅಳಲೆಕಾಯಿ ಹಾಕಿ ದಿನಗಟ್ಟಲೆ ಹದ ಮಾಡಬೇಕು. ಕಾರ್ಖಾನೆಯ ಕ್ರೋಮ್ ರಾಸಾಯನಿಕ ಇಲ್ಲಿ ಬರೋದಿಲ್ಲ. ಅಟ್ಟೆಗೆ ಎಮ್ಮೆ ತೊಗಲು, ಮೇಲಿನ ನಾಜೂಕು ಹೆಣಿಗೆಗೆ ಆಡಿನ ತೊಗಲು. ಮೊಳೆ ಇಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ಅಂಗಠಾ, ಕಾನ, ವೇಣಿ ಅಂತ ಒಂದೊಂದು ಭಾಗಕ್ಕೆ ಒಂದೊಂದು ಹೆಸರು. ಕಾಪಶಿ ಅಂತ ಊರಿನ ಹೆಸರಿನಲ್ಲೇ ನಮೂನೆ ಇದೆ. ಅಟ್ಟೆ ಕತ್ತರಿಸುವುದು ಗಂಡಸರು, ಹೆಣಿಗೆ, ಮೇಲಿನ ಹೊಲಿಗೆ ಬಹುಮಟ್ಟಿಗೆ ಹೆಂಗಸರು. ಅಥಣಿಯ ಟೋಹೋಲ್ಡ್ ಅನ್ನೋ ಕುಶಲಕರ್ಮಿಗಳ ಕೂಟ ನಡೆದದ್ದೂ ಹೆಂಗಸರ ಸಂಘಗಳ ಬಲದ ಮೇಲೆಯೇ. ಹಾಗಿದ್ದೂ ಫೋಟೊ ತೆಗೆಯೋಕೆ ಹೋದವರು ಅಂಗಡಿ ಮುಂದೆ ಕೂತ ಗಂಡಸಿನ ಫೋಟೊ ತೆಗೆದುಕೊಂಡು ಬರ್ತಾರೆ.

ಈ ವಿದ್ಯೆ ಸಮಗಾರರದ್ದು, ಡೋಹರರದ್ದು. ಹರಳಯ್ಯ, ಡೋಹರ ಕಕ್ಕಯ್ಯ ಅಂತ ಶರಣರ ಹೆಸರನ್ನು ಭಾಷಣದಲ್ಲಿ ನಾವೆಲ್ಲ ಹೇಳ್ತೀವಿ. ಅವರ ಕೈಯ ಉಳಿ, ರಂಪಿಗೆಯ ಬಗ್ಗೆ ಒಂದು ಪುಟ ಬರೆಯೋಕೆ ಯಾರೂ ಕೂರಲಿಲ್ಲ. ಬರೆಯುವವರು ಬೇರೆ ಕೇರಿಯಲ್ಲಿದ್ದರು, ಮಾಡುವವರು ಬೇರೆ ಕೇರಿಯಲ್ಲಿದ್ದರು.

ಇಲ್ಲಿ ವಿಕಿಪೀಡಿಯದ ನಿಯಮ ಅಡ್ಡ ಬರುತ್ತದೆ. ಅಲ್ಲಿ ಏನು ಬರೆದರೂ ಪ್ರಕಟವಾದ ಆಧಾರ ತೋರಿಸಬೇಕು. "ಮದಭಾವಿಯ ಅಜ್ಜಿ ಹೇಳಿದಳು" ಅಂದರೆ ನಡೆಯೋದಿಲ್ಲ. ಆಧಾರ ಕೇಳೋದು ಸರಿಯೇ, ಇಲ್ಲದಿದ್ದರೆ ಗಾಳಿಸುದ್ದಿ ತುಂಬಿಕೊಳ್ಳುತ್ತದೆ. ಆದರೆ ಅಕ್ಷರ ಸಿಗದವರ ವಿದ್ಯೆಗೆ ಈ ನಿಯಮ ಬಾಗಿಲು ಹಾಕುತ್ತದೆ. 2011ರಲ್ಲಿ ಬೆಂಗಳೂರಿನ ಅಚಲ್ ಪ್ರಭಾಲ ಮತ್ತು ಜೊತೆಗಾರರು 'ಪೀಪಲ್ ಆರ್ ನಾಲೆಜ್' ಅನ್ನೋ ಪ್ರಯೋಗ ಮಾಡಿದರು. ಭಾರತದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಹಳ್ಳಿಯ ಜನರ ಮಾತನ್ನು ಧ್ವನಿಮುದ್ರಿಸಿ, ಆ ಧ್ವನಿಯನ್ನೇ ಆಧಾರವಾಗಿ ಕೊಟ್ಟರು. ವಿಕಿ ಬಳಗದಲ್ಲಿ ಒಪ್ಪಿದವರೂ ಇದ್ದರು, ಒಪ್ಪದವರೂ ಇದ್ದರು.

ಮ್ಯೂಸಿಯಂ ಬೇಕಾಗೋದು ಈ ಜಾಗದಲ್ಲಿ. ಒಂದು ಮ್ಯೂಸಿಯಂ ಅಥವಾ ವಿಶ್ವವಿದ್ಯಾಲಯದ ಜಾನಪದ ವಿಭಾಗ ಅಥಣಿಯ ಕುಶಲಕರ್ಮಿಯ ಉಪಕರಣಗಳನ್ನು ತಂದಿಟ್ಟು, ಮಾಡುವವರ ಹೆಸರು, ಊರು, ವಿಧಾನ ಬರೆದು ಕ್ಯಾಟಲಾಗ್ ಪ್ರಕಟಿಸಿದರೆ ಅದು ಆಧಾರ ಆಗುತ್ತದೆ. ಅದನ್ನು ಹಿಡಿದು ಕನ್ನಡದಲ್ಲೂ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆಯಬಹುದು. ಅಜ್ಜಿಯ ಮಾತಿಗೆ ಮ್ಯೂಸಿಯಂ ಒಂದು ಮುದ್ರೆ ಒತ್ತಿದ ಹಾಗೆ. ಮಾತು ಅಜ್ಜಿಯದೇ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣ. ಮುಕ್ತ ಪರವಾನಗಿ ಅಂದರೆ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಚಪ್ಪಲಿ ಮಾಡುವವರು ಕೇಳ್ತಾರೆ: "ಎಲ್ಲಾ ಬಿಚ್ಚಿ ತೋರಿಸಿದರ ನಾಳೆ ಅವರು ಮಷೀನಿನ್ಯಾಗ ಮಾಡಿ ಮಾರೂದಿಲ್ಲೇನ್ರೀ?" ಈ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಜಿಐ ಕಾಯುವುದು ಹೆಸರನ್ನು. ಹೆಸರು ಬಿಟ್ಟು ಆಕಾರ ಎತ್ತಿಕೊಂಡು ಹೋದವರನ್ನು ಅದರಿಂದ ಹಿಡಿಯೋದು ಕಷ್ಟ.

ಆದರೆ ಅರಿಶಿನದ ಪ್ರಕರಣ ನೆನಪಿಸಿಕೊಳ್ಳಿ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥ, ಬರಹಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು. ಪಕ್ಕದ ಸಾಂಗ್ಲಿಯ ಅರಿಶಿನ ಪೇಟೆಯ ಪ್ರತಿ ಅಂಗಡಿಯವನಿಗೂ ಗೊತ್ತಿದ್ದ ಸಂಗತಿ ಅದು. ಅಲ್ಲಿ ಗೆದ್ದದ್ದು ಎಲ್ಲರಿಗೂ ಗೊತ್ತಿತ್ತು ಅಂತಲ್ಲ, ಬರೆದಿಟ್ಟಿತ್ತು ಅಂತ. ಆಮೇಲೆ ಸರ್ಕಾರ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಮಾಡಿತು, ಆದರೆ ಅದರ ಬಾಗಿಲನ್ನು ಮುಖ್ಯವಾಗಿ ಪೇಟೆಂಟ್ ಕಚೇರಿಗಳಿಗೆ ಮಾತ್ರ ತೆರೆಯಿತು. ಎಲ್ಲವನ್ನೂ ಎಲ್ಲರಿಗೂ ಇಡಬೇಕಿಲ್ಲ ಅನ್ನೋ ತಿಳಿವಳಿಕೆ ಅದರಲ್ಲಿದೆ.

ನನ್ನ ಅಭಿಪ್ರಾಯ ಇಷ್ಟು: ಯಾರು ಮಾಡ್ತಾರೆ, ಎಲ್ಲಿ ಮಾಡ್ತಾರೆ, ಯಾವ ಭಾಗಕ್ಕೆ ಏನಂತಾರೆ, ಹೇಗೆ ಹದ ಮಾಡ್ತಾರೆ, ಇದು ಧಾರಾಳವಾಗಿ ಹೊರಗೆ ಬರಲಿ. ಒಂದು ಮನೆತನದ ನಕ್ಷೆ, ಅಳತೆ, ಗುಟ್ಟಿನ ಕಸುಬು, ಅದನ್ನು ಕೊಡೋದು ಬಿಡೋದು ಆ ಮನೆಯವರ ತೀರ್ಮಾನ. ಕ್ಯಾಮೆರಾ ತೆಗೆಯುವ ಮೊದಲೇ ಕೂತು, ಈ ಫೋಟೊ ಎಲ್ಲಿಗೆ ಹೋಗುತ್ತದೆ, ಯಾರು ಬಳಸಬಹುದು ಅಂತ ಅವರದೇ ಮಾತಿನಲ್ಲಿ ಹೇಳಬೇಕು. ಬೇಡ ಅಂದರೆ ಚಹಾ ಕುಡಿದು ಎದ್ದು ಬರಬೇಕು. ಒಪ್ಪಿದರೆ ಫೋಟೊದ ಕೆಳಗೆ ಅವರು ಹೇಳಿದ ಹಾಗೆ ಅವರ ಹೆಸರು ಹಾಕಬೇಕು. 'ಗ್ರಾಮೀಣ ಕುಶಲಕರ್ಮಿ' ಅಂತ ಹಾಕಿದರೆ ಪ್ರಾಡಾ ಮಾಡಿದ್ದಕ್ಕೂ ನಾವು ಮಾಡಿದ್ದಕ್ಕೂ ಏನು ಫರಕು?

ಚಪ್ಪಲಿ ಒಂದೇ ಅಲ್ಲ, ಮನೆಗಳಲ್ಲೂ ಇನ್ನೆಷ್ಟೋ ಇದೆ. 1925ರಲ್ಲಿ ಅಂಬೇಡ್ಕರ್ ನಿಪ್ಪಾಣಿಯ ಸಮ್ಮೇಳನಕ್ಕೆ ಬಂದಿದ್ದರು. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿಯ ಮೇಲೆ ಕೂತಾಗ ಗೋಲಿಬಾರ್ ಆಗಿ ರೈತರು ಸತ್ತರು. ಸದಲಗಾದಲ್ಲಿ ಹುಟ್ಟಿದ ವಿದ್ಯಾಸಾಗರ ಮುನಿಗಳು, ಶೇಡಬಾಳದ ವಿದ್ಯಾನಂದ ಮುನಿಗಳು ಇಡೀ ದೇಶಕ್ಕೆ ಗೊತ್ತು. ಇವರ ಕಾಲದ ಕರಪತ್ರ, ಫೋಟೊ, ಪತ್ರ ಯಾರದೋ ಟ್ರಂಕಿನಲ್ಲಿ ಇರಬಹುದು. ಅದಕ್ಕೆ ಕಾಯುವ ಸಮಯ ಇಲ್ಲ. 2005, 2019, 2021ರ ಮಹಾಪೂರದಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಯ ದಂಡೆಯ ಮನೆಗಳಿಗೆ ನೀರು ಹೊಕ್ಕಿತ್ತು. ದನ ಬಿಚ್ಚಿ, ಮಕ್ಕಳನ್ನು ಎತ್ತಿಕೊಂಡು ಓಡುವಾಗ ಅಟ್ಟದ ಮೇಲಿನ ಕಾಗದ ಯಾರಿಗೆ ನೆನಪಾಗುತ್ತದೆ?

ಹಳೆ ಫೋಟೊ ಸ್ಕ್ಯಾನ್ ಮಾಡಿ ಏರಿಸುವವರಿಗೆ ಒಂದು ಮಾತು. ಪ್ರತಿ ನಿಮ್ಮ ಕೈಲಿದೆ ಅಂದ ಮಾತ್ರಕ್ಕೆ ಹಕ್ಕು ನಿಮ್ಮದಾಗೋದಿಲ್ಲ. ದುಡ್ಡು ಕೊಟ್ಟು ತೆಗೆಸಿದ ಫೋಟೊ ಆದರೆ ಸಾಮಾನ್ಯವಾಗಿ ತೆಗೆಸಿದವರದ್ದು. ಪತ್ರಿಕೆಯಲ್ಲಿ ಬಂದದ್ದಾದರೆ ಪ್ರಕಟವಾಗಿ 60 ವರ್ಷ ಆಗಿರಬೇಕು. ಆ ಲೆಕ್ಕಕ್ಕೆ 1981ರ ಪತ್ರಿಕೆಯ ಚಿತ್ರಗಳು ಇನ್ನೂ ಬೀಗದಲ್ಲಿವೆ. ಸ್ವತಃ ನೀವೇ ತೆಗೆದದ್ದಕ್ಕೆ ಯಾವ ತಕರಾರೂ ಇಲ್ಲ. ಆದ್ದರಿಂದ ಶುರು ಮಾಡೋಕೆ ಸುಲಭದ ದಾರಿ ಇವತ್ತಿನ ಫೋಟೊ, ಇವತ್ತಿನ ಧ್ವನಿ.

ಕಾಲೇಜಿನ ಹುಡುಗರು ಕೇಳಿಸಿಕೊಳ್ತಿದ್ದರೆ ನಾನು ಹೇಳೋದು: ಮೊದಲ ಲೇಖನಕ್ಕೆ ಇಡೀ ಅಥಣಿಯ ಇತಿಹಾಸ ಹಿಡೀಬೇಡಿ. ರಂಪಿಗೆ ಹಿಡಿಯಿರಿ. ಅದರ ಫೋಟೊ ನಾಲ್ಕು ಕಡೆಯಿಂದ ತೆಗೆಯಿರಿ, ಅದು ತೊಗಲು ಸೀಳುವಾಗಿನ ಅರ್ಧ ನಿಮಿಷದ ವಿಡಿಯೊ ಮಾಡಿ. ಅಥಣಿಯಲ್ಲಿ ಅದಕ್ಕೆ ಏನಂತಾರೆ, ನಿಪ್ಪಾಣಿಯಲ್ಲಿ ಏನಂತಾರೆ, ಗಡಿ ದಾಟಿದ ಮೇಲೆ ಏನಂತಾರೆ, ಕೇಳಿ ಬರೆದುಕೊಳ್ಳಿ. ಧಾರವಾಡಕ್ಕೋ ಕೊಲ್ಹಾಪುರಕ್ಕೋ ಹೋದಾಗ ಮ್ಯೂಸಿಯಂ ಕ್ಯುರೇಟರ್ ಮುಂದೆ ಅದನ್ನಿಟ್ಟು, ನಿಮ್ಮ ಕ್ಯಾಟಲಾಗಿನಲ್ಲಿ ಇಂಥದ್ದಕ್ಕೆ ಜಾಗ ಇದೆಯಾ ಅಂತ ಕೇಳಿ. ಹೋಗುವಾಗ ಆ ರಂಪಿಗೆ ಹಿಡಿಯುವ ಕೈಯವರನ್ನೂ ಜೊತೆಗೆ ಕರಕೊಂಡು ಹೋಗಿ, ಬಸ್ ಚಾರ್ಜ್ ನೀವೇ ಕೊಡಿ.